ಸಂಜೆಯಾದರೆ ಹೊಸ್ತಿಲು ತಡವುವ ಮಗ: ಅಷರ್ ಸಿಂಡ್ರೋಮ್ ಎಂದು ವರದಿ ಬಂದಿದೆ, ತಿಳಿದವರು ಹೇಳಿ

ತುಂಬೆಹೂ:

ಎಲ್ಲರಿಗೂ ನಮಸ್ಕಾರ. ಹಾಸನ ಜಿಲ್ಲೆಯ ಹಳ್ಳಿಯೊಂದರಿಂದ ಬರೆಯುತ್ತಿದ್ದೇನೆ. ನನ್ನ ಮಗನಿಗೆ ಹತ್ತು ವರ್ಷ. ಹುಟ್ಟಿನಿಂದಲೇ ಕಿವಿ ಕೇಳಿಸುತ್ತಿರಲಿಲ್ಲ. ಮೂರನೆಯ ವರ್ಷದಲ್ಲಿ ಬಲಗಿವಿಗೆ ಕಾಕ್ಲಿಯರ್ ಇಂಪ್ಲಾಂಟ್ (ಒಳಗಿವಿಗೆ ಅಳವಡಿಸುವ ಶ್ರವಣ ಯಂತ್ರ) ಮಾಡಿಸಿದೆವು. ಮಾತು ಬಂದಿದೆ, ಕನ್ನಡ ಮಾಧ್ಯಮದಲ್ಲಿ ಐದನೆಯ ತರಗತಿ ಓದುತ್ತಿದ್ದಾನೆ. ಕಷ್ಟದ ದಿನಗಳು ಕಳೆದವು ಎಂದುಕೊಂಡಿದ್ದೆ.

ಎರಡು ವರ್ಷದಿಂದ ಬೇರೆಯದೇ ಶುರುವಾಗಿದೆ. ದೀಪ ಹಚ್ಚುವ ಹೊತ್ತಿಗೆ ಅಂಗಳದಿಂದ ಒಳಗೆ ಬರುವಾಗ ಹೆಬ್ಬೆರಳಿನಿಂದ ಹೊಸ್ತಿಲನ್ನು ತಡವಿ ನೋಡಿ ದಾಟುತ್ತಾನೆ. ಊರ ದೇವಸ್ಥಾನದಲ್ಲಿ ಬಿಸಿಲಿನಿಂದ ಒಳಗೆ ಕಾಲಿಟ್ಟ ಕೂಡಲೇ ನನ್ನ ಸೆರಗು ಹಿಡಿಯುತ್ತಾನೆ. ತಟ್ಟೆಯ ಪಕ್ಕದ ಲೋಟ ಕೈತಾಗಿ ಬೀಳುತ್ತದೆ. ಗಮನವಿಲ್ಲ ಎಂದು ಎಷ್ಟೋ ಸಲ ಬೈದಿದ್ದೇನೆ. ಇರುಳುಗುರುಡು ಇರಬೇಕು ಎಂದು ಅಜ್ಜಿ ನುಗ್ಗೆಸೊಪ್ಪು, ಪಪ್ಪಾಯಿ ತಿನ್ನಿಸಿದರು. ಏನೂ ಬದಲಾಗಲಿಲ್ಲ.

ಒಂದು ರಾತ್ರಿ ಕರೆಂಟು ಹೋಯಿತು. ಅವನ ಕಿವಿಯ ಯಂತ್ರವನ್ನು ಬಿಚ್ಚಿ ಚಾರ್ಜಿಗೆ ಇಟ್ಟಿದ್ದೆ. ಎಚ್ಚರವಾಗಿ "ಅಮ್ಮಾ" ಎಂದು ಕೂಗಿದ. ಎರಡು ಮಾರು ದೂರದಲ್ಲಿದ್ದೆ, "ಇಲ್ಲೇ ಇದ್ದೇನೆ" ಎನ್ನುತ್ತಲೇ ಬಂದೆ. ಅವನಿಗೆ ನನ್ನ ದನಿಯೂ ಇಲ್ಲ, ಮುಖವೂ ಇಲ್ಲ. ಕೈ ತಾಗುವವರೆಗೂ ಕೂಗುತ್ತಲೇ ಇದ್ದ. ಮರುದಿನವೇ ಕಣ್ಣಿನ ಆಸ್ಪತ್ರೆಗೆ ಹೋದೆವು. ಕಣ್ಣಿನೊಳಗಿನ ಬೆಳಕು ಹಿಡಿಯುವ ಪದರ, ರೆಟಿನಾ, ಸವೆಯುತ್ತಿದೆ, ಆರ್‌ಪಿ (ರೆಟಿನೈಟಿಸ್ ಪಿಗ್ಮೆಂಟೋಸಾ) ಎಂದರು, ರಕ್ತ ತೆಗೆದುಕೊಂಡು ಜೀನ್ ಪರೀಕ್ಷೆಗೆ ಕಳುಹಿಸಿದರು. ವರದಿಯಲ್ಲಿ "ಅಷರ್ ಸಿಂಡ್ರೋಮ್ ಟೈಪ್ 1, ಎಂವೈಒ7ಎ, ಹೋಮೋಜೈಗಸ್" ಎಂದಿದೆ. ವಿವರಿಸಲು ಅಲ್ಲಿ ಯಾರಿಗೂ ಪುರುಸೊತ್ತು ಇರಲಿಲ್ಲ.

ಇನ್ನೊಂದು ಮಾತನ್ನು ಮುಚ್ಚಿಡದೆ ಹೇಳುತ್ತೇನೆ. ನಾನು ಮದುವೆಯಾದದ್ದು ನನ್ನ ಸೋದರಮಾವನನ್ನು. ಮನೆಯಲ್ಲಿ ಈಗ "ಅವಳ ಹೊಟ್ಟೆಯ ದೋಷ" ಎಂಬ ಮಾತು ಓಡಾಡುತ್ತಿದೆ. ಸರ್ಪಸಂಸ್ಕಾರ ಮಾಡಿಸಿ ಎನ್ನುವವರೂ ಇದ್ದಾರೆ. ಇದು ಎಲ್ಲಿಂದ ಬಂತು? ಮೂರು ವರ್ಷದ ಮಗಳಿದ್ದಾಳೆ, ಕಿವಿ ಚೆನ್ನಾಗಿ ಕೇಳಿಸುತ್ತದೆ. ಅವಳಿಗೂ ಬರುತ್ತದೆಯೇ?

ಕಿವಿಯೋಲೆ (ಶ್ರವಣ ಚಿಕಿತ್ಸಕಿ):

ತಂಗಿ, ಮೊದಲು ಒಂದು ಪ್ರಶ್ನೆ. ನಿಮ್ಮ ಮಗ ನಡೆಯಲು ಕಲಿತದ್ದು ಯಾವ ವಯಸ್ಸಿನಲ್ಲಿ?

ತುಂಬೆಹೂ:

ಒಂದೂಮುಕ್ಕಾಲು ವರ್ಷ ಕಳೆದ ಮೇಲೆ ಮೇಡಂ. ಕುತ್ತಿಗೆ ನಿಂತದ್ದೂ ತಡ. ಕಿವುಡು ಮಕ್ಕಳು ಹಾಗೆಯೇ ಎಂದು ಎಲ್ಲರೂ ಹೇಳಿದ್ದರಿಂದ ಸುಮ್ಮನಾದೆವು.

ಕಿವಿಯೋಲೆ (ಶ್ರವಣ ಚಿಕಿತ್ಸಕಿ):

ಅದೇ ಅನುಮಾನವಿತ್ತು. ಕಿವುಡುತನ ಒಂದರಿಂದಲೇ ಮಕ್ಕಳು ತಡವಾಗಿ ನಡೆಯುವುದಿಲ್ಲ. ಒಳಗಿವಿಯಲ್ಲಿ ಕೇಳುವ ಭಾಗಕ್ಕೆ ಅಂಟಿಕೊಂಡೇ ದೇಹದ ಸಮತೋಲನ ಕಾಯುವ ಭಾಗವೂ ಇದೆ. ಅಷರ್ ಸಿಂಡ್ರೋಮ್ ಎಂದರೆ ಕಿವಿ, ಕಣ್ಣು ಎರಡನ್ನೂ ಕೆಡಿಸುವ ವಂಶಪಾರಂಪರ್ಯ ಕಾಯಿಲೆ, ಅದರಲ್ಲಿ ಮುಖ್ಯವಾಗಿ ಮೂರು ಬಗೆ. ಟೈಪ್ 1ರಲ್ಲಿ ಒಳಗಿವಿಯ ಈ ಎರಡೂ ಭಾಗಗಳು ಹುಟ್ಟಿನಿಂದಲೇ ಕೆಲಸ ಮಾಡುವುದಿಲ್ಲ. ಹುಟ್ಟು ಕಿವುಡು ಮಗು ಹದಿನೆಂಟು ತಿಂಗಳು ಕಳೆದರೂ ನಡೆಯದಿದ್ದರೆ ಕಣ್ಣನ್ನೂ ಪರೀಕ್ಷಿಸಬೇಕು. ರೆಟಿನಾದ ವಿದ್ಯುತ್ ಸಂಕೇತ ಅಳೆಯುವ ಇಆರ್‌ಜಿ ಪರೀಕ್ಷೆಯಲ್ಲಿ, ಮನೆಯವರಿಗೆ ಏನೂ ಕಾಣಿಸುವ ಮೊದಲೇ ದೋಷ ಗೊತ್ತಾಗುತ್ತದೆ. ನಿಮಗೆ ಏಳೆಂಟು ವರ್ಷ ಮೊದಲೇ ಯಾರಾದರೂ ಹೇಳಬಹುದಿತ್ತು. ನಮ್ಮ ವೃತ್ತಿಯವರೇ ಈ ಪ್ರಶ್ನೆ ಕೇಳುವುದನ್ನು ಮರೆಯುತ್ತೇವೆ ಎಂಬುದು ನನಗೆ ನೋವಿನ ಸಂಗತಿ.

ಟೈಪ್ 2ರಲ್ಲಿ ಹುಟ್ಟಿನಿಂದ ಕೇಳುವುದು ಕಡಿಮೆ, ಆದರೆ ಪೂರ್ತಿ ಕಿವುಡಲ್ಲ. ಸಮತೋಲನ ಸರಿಯಿರುತ್ತದೆ. ಕಣ್ಣಿನ ತೊಂದರೆ ಸಾಮಾನ್ಯವಾಗಿ ಹದಿಹರೆಯದಲ್ಲಿ ಕಾಣಿಸುತ್ತದೆ. ಟೈಪ್ 3ರಲ್ಲಿ ಹುಟ್ಟುವಾಗ ಕೇಳಿಸುತ್ತದೆ, ಬರಬರುತ್ತಾ ಕಿವಿ, ಕಣ್ಣು ಎರಡೂ ಮಂದವಾಗುತ್ತವೆ. ಇದು ಫಿನ್ಲೆಂಡಿನವರಲ್ಲಿ ಮತ್ತು ಅಶ್ಕೆನಾಜಿ ಯಹೂದಿಗಳಲ್ಲಿ ಹೆಚ್ಚು.

ಇನ್ನೊಂದು ಎಚ್ಚರಿಕೆ ಈ ದಿನವೇ ಬೇಕು. ಕೆರೆ, ಬಾವಿ, ಹೊಳೆ. ಸಮತೋಲನದ ಅಂಗ ಕೆಲಸ ಮಾಡದವರಿಗೆ ನೀರಿನೊಳಗೆ ಮುಳುಗಿದಾಗ ಮೇಲೆ ಯಾವುದು, ಕೆಳಗೆ ಯಾವುದು ತಿಳಿಯುವುದಿಲ್ಲ. ನಾವು ಕಣ್ಣು ಮುಚ್ಚಿಯೂ ಮೇಲೆ ಬರುತ್ತೇವೆ. ಅವನು ಕಣ್ಣನ್ನೇ ನಂಬಬೇಕು, ಮಬ್ಬು ನೀರಿನಲ್ಲಿ ಅದೂ ಇಲ್ಲ. ಈಜು ಬಂದರೂ ಒಬ್ಬನೇ ನೀರಿಗೆ ಇಳಿಯಬಾರದು.

ಬಟಾಣಿ ಮೇಷ್ಟರು:

ನಿವೃತ್ತ ಜೀವಶಾಸ್ತ್ರ ಉಪನ್ಯಾಸಕ. ತಾಯಿ, "ಎಲ್ಲಿಂದ ಬಂತು" ಎಂಬ ನಿಮ್ಮ ಪ್ರಶ್ನೆಗೆ ಉತ್ತರಿಸುತ್ತೇನೆ.

ಹೆಚ್ಚುಕಡಿಮೆ ಪ್ರತಿಯೊಂದು ಜೀನಿಗೂ ನಮ್ಮಲ್ಲಿ ಎರಡು ಪ್ರತಿಗಳಿವೆ, ಅಪ್ಪನಿಂದ ಒಂದು, ಅಮ್ಮನಿಂದ ಒಂದು. ಅಷರ್ ಸಿಂಡ್ರೋಮ್ ರಿಸೆಸಿವ್ ಕಾಯಿಲೆ, ಅಂದರೆ ಅಡಗಿ ಕೂರುವಂಥದ್ದು. ಒಂದು ಪ್ರತಿ ಕೆಟ್ಟಿದ್ದರೂ ಇನ್ನೊಂದು ಕೆಲಸ ನಡೆಸುತ್ತದೆ. ಅಂಥವರು ವಾಹಕರು, ಅವರಿಗೆ ಏನೂ ಆಗುವುದಿಲ್ಲ. ವಾಹಕ ತಂದೆ ಮತ್ತು ವಾಹಕ ತಾಯಿ ಇಬ್ಬರೂ ಕೆಟ್ಟ ಪ್ರತಿಯನ್ನೇ ಕೊಟ್ಟರೆ ಮಾತ್ರ ಮಗುವಿಗೆ ಕಾಯಿಲೆ. ಪ್ರತಿ ಬಸಿರಿನಲ್ಲೂ ಆ ಸಂಭವ ನಾಲ್ಕರಲ್ಲಿ ಒಂದು. ಮೊದಲ ಮಗುವಿಗೆ ಬಂದುಬಿಟ್ಟಿತು, ಮುಂದಿನ ಮೂವರಿಗೆ ಬರುವುದಿಲ್ಲ ಎಂದು ಲೆಕ್ಕ ಹಾಕಬಾರದು. ಪ್ರತಿ ಸಲವೂ ಲೆಕ್ಕ ಹೊಸದಾಗಿ ಶುರುವಾಗುತ್ತದೆ.

ಈಗ "ಹೊಟ್ಟೆಯ ದೋಷ". ನಿಮ್ಮ ಮಗನ ವರದಿಯಲ್ಲಿರುವ ಹೋಮೋಜೈಗಸ್ ಎಂಬ ಪದಕ್ಕೆ ಅರ್ಥ, ಎರಡೂ ಪ್ರತಿಗಳಲ್ಲಿ ಒಂದೇ ತಪ್ಪು, ಅದೇ ಜಾಗದಲ್ಲಿ, ಅದೇ ಅಕ್ಷರದಲ್ಲಿ ಇದೆ. ಅಪರೂಪದ ತಪ್ಪೊಂದು ಎರಡು ಕಡೆಯಿಂದಲೂ ಬರಬೇಕಾದರೆ ಬಹುಮಟ್ಟಿಗೆ ಒಂದೇ ಮೂಲದಿಂದ ಬಂದಿರಬೇಕು. ನಿಮ್ಮ ಮನೆಯ ವಂಶವೃಕ್ಷ ಬರೆದು ನೋಡಿ. ನಿಮ್ಮ ಅಜ್ಜ, ಅಜ್ಜಿ ಇಬ್ಬರಲ್ಲಿ ಒಬ್ಬರು ವಾಹಕರು. ಅವರಿಂದ ಅದು ಅವರ ಮಗನಿಗೆ, ಅಂದರೆ ನಿಮ್ಮ ಯಜಮಾನರಿಗೆ ಬಂತು. ಅವರಿಂದಲೇ ಅವರ ಮಗಳಿಗೆ, ಅಂದರೆ ನಿಮ್ಮ ತಾಯಿಗೆ ಬಂತು. ತಾಯಿಯಿಂದ ನಿಮಗೆ. ಇಬ್ಬರಿಂದಲೂ ಮಗುವಿಗೆ. ನಿಮ್ಮ ಅತ್ತೆಯೇ ನಿಮ್ಮ ಅಜ್ಜಿ. ಸೊಸೆಯ ಕಡೆ, ಗಂಡನ ಕಡೆ ಎಂದು ಎರಡು ಕಡೆಗಳೇ ನಿಮ್ಮ ಮನೆಯಲ್ಲಿ ಇಲ್ಲ. ಯಾರ ಕಡೆಗೆ ಬೆರಳು ತೋರಿಸಿದರೂ ಅದು ಸುತ್ತಿಕೊಂಡು ಅದೇ ಜಗಲಿಗೆ ಬರುತ್ತದೆ.

ಅಜ್ಜಿಯ ತಪ್ಪು ಎಂದು ನಾನು ಹೇಳುತ್ತಿಲ್ಲ. ಯಾರೂ ತಮ್ಮ ಜೀನುಗಳನ್ನು ಆರಿಸಿಕೊಂಡು ಹುಟ್ಟುವುದಿಲ್ಲ.

ಹಳ್ಳಿಮನೆ:

ಎಲ್ಲರೂ ಮೆತ್ತಗೆ ಮಾತನಾಡುತ್ತಿದ್ದೀರಿ. ನಾನು ನೇರವಾಗಿ ಹೇಳುತ್ತೇನೆ. ಆಸ್ತಿ ಹಂಚಿಹೋಗಬಾರದು, ಹೆಣ್ಣು ಕಣ್ಣೆದುರಿಗೇ ಇರಲಿ ಎಂದು ಅಕ್ಕನ ಮಗಳನ್ನು ತಂದುಕೊಳ್ಳುತ್ತೇವೆ, ಬೆಲೆಯನ್ನು ಮಕ್ಕಳು ತೆರುತ್ತಾರೆ. ನಮ್ಮ ದೊಡ್ಡಪ್ಪನ ಮನೆಯಲ್ಲಿ ಮೂವರು ಮಕ್ಕಳಲ್ಲಿ ಇಬ್ಬರು ಕಿವುಡರು. ಈ ಪದ್ಧತಿಯನ್ನು ಕಾನೂನಿನಿಂದಲೇ ನಿಲ್ಲಿಸಬೇಕು.

ಬಟಾಣಿ ಮೇಷ್ಟರು:

ಕಾನೂನಿನ ಮಾತು ಬಂದದ್ದರಿಂದ ಹೇಳುತ್ತೇನೆ. 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಸೋದರಮಾವ ಮತ್ತು ಅಕ್ಕನ ಮಗಳ ಸಂಬಂಧ ನಿಷೇಧದ ಪಟ್ಟಿಯಲ್ಲೇ ಇದೆ. ಆದರೆ ಕುಲದ ರೂಢಿ ಒಪ್ಪಿದರೆ ವಿನಾಯಿತಿ ಉಂಟು, ನಮ್ಮ ಕಡೆ ಆ ರೂಢಿ ಇದೆ. 1980ರ ದಶಕದಲ್ಲಿ ಬೆಂಗಳೂರು, ಮೈಸೂರುಗಳಲ್ಲಿ ಹೆರಿಗೆಗೆ ಬಂದವರನ್ನು ಕೇಳಿ ನಡೆಸಿದ ಅಧ್ಯಯನದಲ್ಲಿ ಸುಮಾರು ಮೂರರಲ್ಲಿ ಒಂದು ಮದುವೆ ರಕ್ತಸಂಬಂಧದಲ್ಲಿ ಆಗಿತ್ತು.

ಲೆಕ್ಕ ಹೀಗಿದೆ. ವಾಹಕನಾದ ಒಬ್ಬ ಗಂಡಸನ್ನು ತೆಗೆದುಕೊಳ್ಳಿ. ಅದೇ ಕೆಟ್ಟ ಪ್ರತಿ ಅವನ ಅಕ್ಕನಲ್ಲಿರುವ ಸಂಭವ ಎರಡರಲ್ಲಿ ಒಂದು, ಅಕ್ಕನ ಮಗಳಲ್ಲಿ ನಾಲ್ಕರಲ್ಲಿ ಒಂದು. ಅವಳನ್ನೇ ಮದುವೆಯಾದರೆ ಮಗುವಿಗೆ ಕಾಯಿಲೆ ಬರುವ ಸಂಭವ ಹದಿನಾರರಲ್ಲಿ ಒಂದು. ಸೋದರಮಾವನ ಮಗಳು ಅಥವಾ ಸೋದರತ್ತೆಯ ಮಗಳಾದರೆ ಮೂವತ್ತೆರಡರಲ್ಲಿ ಒಂದು. ಸಂಬಂಧವೇ ಇಲ್ಲದವಳಾದರೆ, ಆ ಜೀನಿನ ವಾಹಕರು ನೂರಕ್ಕೆ ಒಬ್ಬರು ಎಂದು ಧಾರಾಳವಾಗಿ ಇಟ್ಟುಕೊಂಡರೂ, ನಾನೂರರಲ್ಲಿ ಒಂದು. ವ್ಯತ್ಯಾಸ ದೊಡ್ಡದು, ಅದನ್ನು ಮರೆಮಾಚುವುದು ಬೇಡ. ನನ್ನ ಮಗಳಿಗೆ ಸೋದರ ಸಂಬಂಧ ಬಂದಾಗ ನಾನೇ ಬೇಡವೆಂದೆ.

ರಕ್ತಸಂಬಂಧದ ಮದುವೆಗೂ ಈ ಕಾಯಿಲೆಗೂ ಇರುವ ನಂಟು ಹೊಸದಾಗಿ ಕಂಡುಹಿಡಿದದ್ದೂ ಅಲ್ಲ. ಜರ್ಮನಿಯಲ್ಲಿ ಫೋನ್ ಗ್ರೇಫೆ ಎಂಬ ಕಣ್ಣಿನ ವೈದ್ಯ 1858ರಲ್ಲಿ ಕಿವುಡುತನದ ಜೊತೆಗೆ ರೆಟಿನಾ ಕೆಡುವುದನ್ನು ಬರೆದಿಟ್ಟ. 1861ರಲ್ಲಿ ಅವನ ಶಿಷ್ಯ ಲೀಬ್ರೈಖ್ ಬರ್ಲಿನ್ನಿನ ಕಿವುಡರನ್ನು ಪರೀಕ್ಷಿಸಿ, ರಕ್ತಸಂಬಂಧದ ಮದುವೆಯ ಮಕ್ಕಳಲ್ಲಿ ಇದು ಹೆಚ್ಚು ಎಂದು ಗುರುತಿಸಿದ. ಆಗಿನ್ನೂ ಮೆಂಡೆಲ್ ತನ್ನ ಬಟಾಣಿ ಗಿಡಗಳ ಫಲಿತಾಂಶವನ್ನು ಪ್ರಕಟಿಸಿರಲಿಲ್ಲ. ಬ್ರಿಟನ್ನಿನ ಚಾರ್ಲ್ಸ್ ಅಷರ್ 1914ರಲ್ಲಿ ಇದು ವಂಶಪಾರಂಪರ್ಯ ಎಂದು ಒತ್ತಿ ಹೇಳಿದ, ಹೆಸರು ಅವನದೇ ಉಳಿಯಿತು.

ಕಿರುಗಂಡಿ:

ಹಳ್ಳಿಮನೆಯವರ ನೋವು ಅರ್ಥವಾಗುತ್ತದೆ. ಆದರೆ ಸೋದರ ಸಂಬಂಧ ಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂದು ಯಾರೂ ಮೈಮರೆಯಬಾರದು. ನನಗೂ ಅಷರ್ ಸಿಂಡ್ರೋಮ್ ಇದೆ, ಟೈಪ್ 2. ಅಪ್ಪ ಧಾರವಾಡದ ಕಡೆಯವರು, ಅಮ್ಮ ಉಡುಪಿಯವರು, ಜಾತಿಯೂ ಬೇರೆ. ಹತ್ತು ತಲೆಮಾರು ಹುಡುಕಿದರೂ ಸಂಬಂಧ ಸಿಗದು. ನನ್ನ ಯುಎಸ್‌ಎಚ್2ಎ ಜೀನಿನಲ್ಲಿ ಅಪ್ಪನಿಂದ ಬಂದ ತಪ್ಪು ಒಂದು, ಅಮ್ಮನಿಂದ ಬಂದದ್ದು ಇನ್ನೊಂದು. ಎರಡೂ ಬೇರೆ ಬೇರೆ, ಆದರೆ ಒಂದೇ ಜೀನಿನಲ್ಲಿ. ಅಷ್ಟು ಸಾಕಾಯಿತು.

ವಯಸ್ಸು ಮೂವತ್ನಾಲ್ಕು, ಬ್ಯಾಂಕಿನಲ್ಲಿ ಗುಮಾಸ್ತ. ಐದನೆಯ ವಯಸ್ಸಿನಿಂದ ಎರಡೂ ಕಿವಿಗೆ ಶ್ರವಣ ಸಾಧನ. ಗಡುಸು ದನಿ ಕೇಳಿಸುತ್ತದೆ, ಸಣ್ಣ ಚೂಪಾದ ಸದ್ದುಗಳು ಇಲ್ಲ. ಒಗ್ಗರಣೆಯ ಸಾಸಿವೆ ಸಿಡಿಯುವುದನ್ನು ನೋಡಿದ್ದೇನೆ, ಕೇಳಿಲ್ಲ. ಹದಿನಾರರಲ್ಲಿ ಸಂಜೆಯ ಕ್ರಿಕೆಟ್ ಆಟದಲ್ಲಿ ಚೆಂಡು ಕಾಣದಾಯಿತು. ಈಗ ನೋಟ ಒಂದು ಕೊಳವೆಯಷ್ಟು ಉಳಿದಿದೆ. ರಸ್ತೆಯಾಚೆಯ ಅಂಗಡಿಯ ಫಲಕವನ್ನು ಓದುತ್ತೇನೆ, ಕಾಲ ಬಳಿಯ ಬೆಂಚು ಕಾಣದೆ ಮುಗ್ಗರಿಸುತ್ತೇನೆ. ಬಸ್ಸಿನಲ್ಲಿ ಬಿಳಿಕೋಲು ಮಡಚಿಟ್ಟು ಮೊಬೈಲ್ ಓದಿದರೆ "ನಾಟಕ" ಎನ್ನುತ್ತಾರೆ. ಕುರುಡು ಎಂದರೆ ಪೂರ್ತಿ ಕತ್ತಲು ಎಂದೇ ಜನ ತಿಳಿದಿದ್ದಾರೆ.

ಅಕ್ಕಾ, ನಿಮ್ಮ ಮಗನಿಗೆ ಒಂದು ವಿಷಯ ಹೇಳಿ. ಲೋಟ ಬಿದ್ದದ್ದು ನಿನ್ನ ತಪ್ಪಲ್ಲ ಎಂದು ಹೇಳಿ. ನನಗೆ ಅದನ್ನು ಯಾರೂ ಹೇಳಲಿಲ್ಲ. ಇಪ್ಪತ್ತೆರಡರವರೆಗೆ ನಾನು ಬೇಜವಾಬ್ದಾರಿಯ ಹುಡುಗ ಎಂದೇ ನಂಬಿಕೊಂಡಿದ್ದೆ.

ತುಂಬೆಹೂ:

ತಮ್ಮಾ, ನಿಮ್ಮ ಬರಹ ಓದಿ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದೆ. "ನನಗೆ ಗೊತ್ತಿತ್ತು ಅಮ್ಮ, ನಿನಗೆ ಗೊತ್ತಿರಲಿಲ್ಲ" ಎಂದ.

ಮೇಷ್ಟರೇ, ಒಂದು ಅನುಮಾನ. ಕಿವಿ ಎಲ್ಲೋ, ಕಣ್ಣು ಎಲ್ಲೋ. ಒಂದೇ ಜೀನ್ ಎರಡನ್ನೂ ಹೇಗೆ ಕೆಡಿಸುತ್ತದೆ?

ಬಟಾಣಿ ಮೇಷ್ಟರು:

ಇಡೀ ವಿಷಯದಲ್ಲಿ ನನ್ನನ್ನು ಹೆಚ್ಚು ಬೆರಗುಗೊಳಿಸುವುದು ಇದೇ. ಸ್ವಲ್ಪ ಉದ್ದವಾದರೆ ಕ್ಷಮಿಸಿ.

ಒಳಗಿವಿಯ ಕೇಳುವ ಕೋಶಗಳ ತುದಿಯಲ್ಲಿ ಕೂದಲಿನಂಥ ಸಣ್ಣ ಕಡ್ಡಿಗಳಿವೆ. ಗಿಡ್ಡದ್ದು, ಅದಕ್ಕಿಂತ ಎತ್ತರದ್ದು, ಇನ್ನೂ ಎತ್ತರದ್ದು, ದಸರಾ ಗೊಂಬೆ ಕೂರಿಸುವ ಮೆಟ್ಟಿಲುಗಳ ಹಾಗೆ ಸಾಲಾಗಿ ನಿಂತಿರುತ್ತವೆ. ಗಿಡ್ಡ ಕಡ್ಡಿಯ ತಲೆಯಿಂದ ಪಕ್ಕದ ಎತ್ತರದ ಕಡ್ಡಿಯ ಮಗ್ಗುಲಿಗೆ ಒಂದೊಂದು ಎಳೆ ಕಟ್ಟಿದೆ. ಸದ್ದು ಬಂದಾಗ ಕಡ್ಡಿಗಳು ಓಲುತ್ತವೆ, ಎಳೆ ಬಿಗಿಯುತ್ತದೆ, ಗಿಡ್ಡ ಕಡ್ಡಿಯ ತಲೆಯ ಮೇಲಿನ ಪುಟ್ಟ ಬಾಗಿಲು ತೆರೆದು ವಿದ್ಯುತ್ ಕಣಗಳು ಒಳಗೆ ನುಗ್ಗುತ್ತವೆ. ನಾವು ಕೇಳುವುದು ಹೀಗೆ.

ಆ ಎಳೆಯ ಮೇಲರ್ಧವನ್ನು ಮಾಡುವ ಜೀನ್ ಸಿಡಿಎಚ್23, ಕೆಳಗಿನ ಅರ್ಧದ್ದು ಪಿಸಿಡಿಎಚ್15. ಎಳೆಯ ಮೇಲ್ತುದಿಯನ್ನು ಗೂಟಕ್ಕೆ ಕಟ್ಟಿ ಹಿಡಿಯುವವು ಹಾರ್ಮೋನಿನ್, ಸ್ಯಾನ್ಸ್ ಎಂಬ ಪ್ರೋಟೀನುಗಳು. ನಿಮ್ಮ ಮಗನಲ್ಲಿ ಕೆಟ್ಟಿರುವ ಎಂವೈಒ7ಎ ಮಾಡುವುದು ಮಯೋಸಿನ್ 7ಎ ಎಂಬ ಎಳೆದು ಸಾಗಿಸುವ ಪ್ರೋಟೀನನ್ನು. ರಾಟೆಯ ಮೇಲೆ ಹಗ್ಗ ಎಳೆಯುವ ಕೈ ಎಂದುಕೊಳ್ಳಿ. ಈ ಐದರಲ್ಲಿ ಯಾವುದು ಕೈಕೊಟ್ಟರೂ ಎಳೆ ನಿಲ್ಲುವುದಿಲ್ಲ, ಕಡ್ಡಿಗಳ ಸಾಲು ಚದುರುತ್ತದೆ. ಹಾಗಾಗಿಯೇ ಟೈಪ್ 1ಕ್ಕೆ ಐದು ಬೇರೆ ಜೀನುಗಳಿದ್ದರೂ ಕಾಯಿಲೆ ಒಂದೇ. ಎಂವೈಒ7ಎ ಹನ್ನೊಂದನೆಯ ವರ್ಣತಂತುವಿನಲ್ಲಿದೆ, ಅಷರ್‌ಗೆ ಇದೇ ಕಾರಣ ಎಂದು ಗೊತ್ತಾದದ್ದು 1995ರಲ್ಲಿ.

ಕಣ್ಣಿನಲ್ಲಿಯೂ ಇದೇ ಪ್ರೋಟೀನುಗಳಿಗೆ ಕೆಲಸವಿದೆ. ಬೆಳಕು ಹಿಡಿಯುವ ಕೋಶದ ಮೇಲ್ಭಾಗ ಮತ್ತು ಕೆಳಭಾಗವನ್ನು ಕೂಡಿಸುವುದು ಎಳೆಯಷ್ಟು ಸಣ್ಣ ಕುತ್ತಿಗೆ. ಮೇಲ್ಭಾಗ ದಿನದಿನವೂ ಸವೆದು ಉದುರಿ ಹೊಸದಾಗಿ ಬೆಳೆಯುತ್ತದೆ. ಬೇಕಾದ ಸಾಮಾನೆಲ್ಲ ಆ ಕುತ್ತಿಗೆಯ ಮೂಲಕವೇ ಹೋಗಬೇಕು, ಉದುರಿದ ಕಸವನ್ನು ಪಕ್ಕದ ಪದರ ನುಂಗಿ ಕರಗಿಸಬೇಕು. ಮಯೋಸಿನ್ 7ಎ ಈ ಸಾಗಣೆಯಲ್ಲಿ ಕೈಜೋಡಿಸುತ್ತದೆ. ಅದಿಲ್ಲದೆ ಕೋಶಗಳು ನಿಧಾನವಾಗಿ ಸೊರಗುತ್ತವೆ. ಮೊದಲು ಹೋಗುವುವು ಮಬ್ಬು ಬೆಳಕಿನಲ್ಲಿ ನೋಡುವ ರಾಡ್ ಕೋಶಗಳು, ಇವು ಅಂಚಿನ ಕಡೆಗೆ ಹೆಚ್ಚು. ಆದುದರಿಂದ ಮೊದಲು ಸಂಜೆಯ ನೋಟ, ಆಮೇಲೆ ಪಕ್ಕದ ನೋಟ. ನಡುವಿನ ನೋಟ ಬಹಳ ವರ್ಷ ಉಳಿಯುತ್ತದೆ. ನುಗ್ಗೆಸೊಪ್ಪು ಸೋತದ್ದೂ ಇದಕ್ಕೇ. ಎ ಜೀವಸತ್ವದ ಕೊರತೆಯ ಇರುಳುಗುರುಡೇ ಬೇರೆ, ಇದೇ ಬೇರೆ. ಸೊಪ್ಪು ಊಟಕ್ಕೆ ಇರಲಿ. ಆದರೆ ಎ ಜೀವಸತ್ವದ ಮಾತ್ರೆಗಳನ್ನು ಅಂಗಡಿಯಿಂದ ತಂದು ನುಂಗಿಸಬೇಡಿ, ಅತಿಯಾದರೆ ಯಕೃತ್ತಿಗೆ ಪೆಟ್ಟು.

ಜೀನಿನ ತಪ್ಪು ಎಂದರೇನು ಎಂದು ತರಗತಿಯಲ್ಲಿ ಹೀಗೆ ಹೇಳುತ್ತಿದ್ದೆ. ಜೀನನ್ನು ಮೂರು ಮೂರು ಅಕ್ಷರಗಳಾಗಿ ಓದಲಾಗುತ್ತದೆ. "ಅವನು ಮನೆಗೆ ಬಂದನು" ಎಂದು ಬರೆಯಿರಿ, ಪ್ರತಿ ಪದಕ್ಕೂ ಮೂರೇ ಅಕ್ಷರ. ಎರಡನೆಯ ಅಕ್ಷರವನ್ನು ಅಳಿಸಿ ಮತ್ತೆ ಮೂರು ಮೂರಾಗಿ ಓದಿ. "ಅನುಮ ನೆಗೆಬಂ ದನು". ಒಂದೇ ಅಕ್ಷರ ಹೋದದ್ದಕ್ಕೆ ಮುಂದಿನದೆಲ್ಲ ಅರ್ಥ ಕೆಟ್ಟಿತು. ಇನ್ನೊಂದು ಬಗೆಯ ತಪ್ಪಿನಲ್ಲಿ, "ಅವನು ಮನೆಗೆ" ಎಂಬಲ್ಲಿಗೇ ಪೂರ್ಣವಿರಾಮ ಬಂದುಬಿಡುತ್ತದೆ, ಪ್ರೋಟೀನ್ ಅರ್ಧಕ್ಕೇ ನಿಲ್ಲುತ್ತದೆ.

ವಂಶವಾಣಿ (ಜೆನೆಟಿಕ್ ಕೌನ್ಸೆಲರ್):

ಮೇಷ್ಟರು ಇಷ್ಟು ಚೆನ್ನಾಗಿ ಹೇಳಿದ ಮೇಲೆ ನನ್ನ ಕೆಲಸ ಹಗುರ. ವರದಿ ಓದುವುದರ ಬಗ್ಗೆ ಮಾತ್ರ ಬರೆಯುತ್ತೇನೆ.

ತುಂಬೆಹೂ ಅವರೇ, ಬದಲಾವಣೆಯ ಮುಂದೆ "ಪ್ಯಾಥೊಜೆನಿಕ್" ಎಂದಿದೆಯೇ ನೋಡಿ. ರೋಗಕಾರಕ ಎಂದು ಖಚಿತವಾಗಿದೆ ಎಂದು ಅದರ ಅರ್ಥ. ಕೆಲವರ ವರದಿಯಲ್ಲಿ "ಮಹತ್ವ ಖಚಿತವಿಲ್ಲದ ಬದಲಾವಣೆ" ಎಂದಿರುತ್ತದೆ. ಅದನ್ನೇ ರೋಗನಿರ್ಣಯ ಎಂದುಕೊಂಡು ಮದುವೆ, ಬಸಿರಿನ ತೀರ್ಮಾನಗಳನ್ನು ಮಾಡಬಾರದು. ನೀವು ಮತ್ತು ನಿಮ್ಮ ಯಜಮಾನರು ಇಬ್ಬರೂ ರಕ್ತ ಕೊಟ್ಟು, ಆ ಒಂದು ಜಾಗವನ್ನಷ್ಟೇ ಪರೀಕ್ಷಿಸಿಕೊಳ್ಳಿ. ಎಲ್ಲಿ ಹುಡುಕಬೇಕು ಎಂದು ಗೊತ್ತಾದ ಮೇಲೆ ಇಡೀ ಪರೀಕ್ಷೆಯ ಖರ್ಚು ಬೀಳುವುದಿಲ್ಲ. ಇಬ್ಬರಲ್ಲೂ ಒಂದೊಂದು ಪ್ರತಿ ಸಿಕ್ಕರೆ ಲೆಕ್ಕ ಕೂಡಿತು.

ಮಗಳ ಬಗ್ಗೆ ಧೈರ್ಯವಾಗಿರಿ. ಟೈಪ್ 1 ಇದ್ದಿದ್ದರೆ ಹುಟ್ಟಿನಿಂದಲೇ ಕೇಳಿಸುತ್ತಿರಲಿಲ್ಲ. ಶ್ರವಣ ಪರೀಕ್ಷೆ ಒಂದನ್ನು ಮಾಡಿಸಿ, ಕಿವಿ ಸರಿಯಿದೆ ಎಂದು ಬಂದರೆ ಅಣ್ಣನ ಕಾಯಿಲೆ ಅವಳಿಗಿಲ್ಲ. ವಾಹಕಿ ಆಗಿರಬಹುದು, ಅದರ ಸಂಭವ ಮೂರರಲ್ಲಿ ಎರಡು. ನಾಲ್ಕರಲ್ಲಿ ಎರಡಲ್ಲವೇ ಎಂದು ಎಲ್ಲರೂ ಕೇಳುತ್ತಾರೆ. ಅವಳಿಗೆ ಕಾಯಿಲೆ ಇಲ್ಲ ಎಂದು ಈಗಾಗಲೇ ಗೊತ್ತಾದ್ದರಿಂದ ನಾಲ್ಕರಲ್ಲಿ ಒಂದು ಸಾಧ್ಯತೆ ಬಿಟ್ಟುಹೋಯಿತು, ಉಳಿದ ಮೂರರಲ್ಲಿ ಎರಡು ವಾಹಕದ್ದು. ಆದರೆ ಆ ಪರೀಕ್ಷೆಯನ್ನು ಈಗ ಮಾಡಿಸಬೇಡಿ. ಅದು ಅವಳ ಆರೋಗ್ಯಕ್ಕೆ ಸಂಬಂಧಿಸಿದ್ದಲ್ಲ. ದೊಡ್ಡವಳಾದ ಮೇಲೆ ಅವಳೇ ತೀರ್ಮಾನಿಸಲಿ. ಮೂರು ವರ್ಷದ ಹೆಣ್ಣುಮಗುವಿನ ಹಣೆಗೆ ಊರಿನವರು ಚೀಟಿ ಅಂಟಿಸುವುದು ಬೇಡ.

ಮುಂದಿನ ಮಗುವಿನ ಯೋಚನೆ ಇದ್ದರೆ ಬಸಿರಾಗುವ ಮೊದಲೇ ಬನ್ನಿ. ಹತ್ತು ಹನ್ನೊಂದು ವಾರ ಕಳೆದ ಮೇಲೆ ಭ್ರೂಣದ ಸುತ್ತಲಿನ ಪೊರೆಯ ತುಣುಕಿನಿಂದ ಪರೀಕ್ಷೆ ಮಾಡಬಹುದು. 1994ರ ಭ್ರೂಣಲಿಂಗ ಪತ್ತೆ ನಿಷೇಧ ಕಾಯ್ದೆ ವಂಶಪಾರಂಪರ್ಯ ಕಾಯಿಲೆಗಳ ಪರೀಕ್ಷೆಗೆ ನೋಂದಾಯಿತ ಕೇಂದ್ರಗಳಲ್ಲಿ ಅವಕಾಶ ಕೊಟ್ಟಿದೆ. ಫಲಿತಾಂಶ ನೋಡಿ ಏನು ಮಾಡಬೇಕು ಎಂಬುದು ನಿಮ್ಮಿಬ್ಬರದೇ ತೀರ್ಮಾನ, ಆಸ್ಪತ್ರೆಯದಲ್ಲ, ಅಜ್ಜಿಯದೂ ಅಲ್ಲ.

ಕಿರುಗಂಡಿ:

ವರದಿಯ ಬಗ್ಗೆ ನನ್ನ ಅನುಭವ. ಮೊದಲ ಸಲ ಪರೀಕ್ಷೆ ಮಾಡಿದಾಗ ಒಂದೇ ತಪ್ಪು ಸಿಕ್ಕಿತು. "ನೀವು ವಾಹಕ ಮಾತ್ರ, ನಿಮಗೆ ಅಷರ್ ಇಲ್ಲ" ಎಂದು ಒಂದು ಕಡೆ ಹೇಳಿ ಕಳುಹಿಸಿದರು. ಕಿವಿಯಲ್ಲಿ ಯಂತ್ರ, ಕೈಯಲ್ಲಿ ಕೋಲು ಹಿಡಿದು ಎದುರಿಗೇ ಕುಳಿತಿದ್ದೆ! ನಾಲ್ಕು ವರ್ಷದ ಮೇಲೆ ಇಡೀ ಜೀನೋಮ್ ಓದಿಸಿದಾಗ ಎರಡನೆಯದು ಜೀನಿನ ನಡುವಿನ, ಸಾಮಾನ್ಯ ಪರೀಕ್ಷೆ ಓದದೆ ಬಿಡುವ ಭಾಗದಲ್ಲಿ ಸಿಕ್ಕಿತು. ಯುಎಸ್‌ಎಚ್2ಎ ಬಹಳ ದೊಡ್ಡ ಜೀನ್, 72 ತುಣುಕುಗಳು. ಒಂದೇ ಸಿಕ್ಕಿದೆ ಎಂದು ಹೇಳಿದರೆ ಅಲ್ಲಿಗೇ ಬಿಡಬೇಡಿ.

ಇದೇ ಜೀನಿನ ಕೆಲವು ತಪ್ಪುಗಳಿಂದ ಕಿವಿ ಸರಿಯಿದ್ದು ಕಣ್ಣು ಮಾತ್ರ ಹೋಗುವವರೂ ಇದ್ದಾರೆ. ಎಂವೈಒ7ಎ, ಸಿಡಿಎಚ್23 ಜೀನುಗಳ ಕೆಲವು ತಪ್ಪುಗಳಿಂದ ಕಿವಿ ಮಾತ್ರ ಹೋಗುವುದೂ ಉಂಟು. ಜೀನಿನ ಹೆಸರೊಂದನ್ನೇ ಹಿಡಿದು ಭವಿಷ್ಯ ಹೇಳಬಾರದು, ತಪ್ಪು ಯಾವುದು ಎಂಬುದೂ ಮುಖ್ಯ.

ಹಳ್ಳಿಮನೆ:

ವಂಶವಾಣಿ ಮೇಡಂ, ನನ್ನ ದೊಡ್ಡಪ್ಪನ ಮಕ್ಕಳಿಗೆ ಕಿವಿ ಮಾತ್ರ. ಮೂವತ್ತು ದಾಟಿದೆ, ರಾತ್ರಿ ಬೈಕ್ ಓಡಿಸುತ್ತಾರೆ. ಅವರಿಗೂ ಇದೇ ಇರಬಹುದೇ?

ವಂಶವಾಣಿ (ಜೆನೆಟಿಕ್ ಕೌನ್ಸೆಲರ್):

ಟೈಪ್ 1 ಆಗಿದ್ದರೆ ಈ ವಯಸ್ಸಿಗೆ ರಾತ್ರಿ ಬೈಕ್ ಓಡಿಸುವುದು ಸಾಧ್ಯವೇ ಇರಲಿಲ್ಲ. ಹುಟ್ಟು ಕಿವುಡುತನಕ್ಕೆ ನೂರಕ್ಕೂ ಹೆಚ್ಚು ಜೀನುಗಳು ಕಾರಣವಾಗಬಲ್ಲವು. ಬಹಳ ಸಾಮಾನ್ಯವಾದದ್ದು ಜಿಜೆಬಿ2, ಅದರಲ್ಲಿ ಕಣ್ಣಿಗೆ ಏನೂ ಆಗುವುದಿಲ್ಲ. ಮೊದಲು ಅದನ್ನು ಪರೀಕ್ಷಿಸಿ.

ತುಂಬೆಹೂ:

ಮೇಡಂ, ನನ್ನ ತಂಗಿಗೆ ನಮ್ಮ ಇನ್ನೊಬ್ಬ ಸೋದರಮಾವನ ಮಗನ ಜೊತೆ ಮಾತುಕತೆ ನಡೆದಿದೆ. ಹುಡುಗ ಒಳ್ಳೆಯವನು, ಇಬ್ಬರಿಗೂ ಮನಸ್ಸಿದೆ. ಈಗ ಏನು ಮಾಡಲಿ? ಬಾಯಿ ಬಿಟ್ಟರೆ ಮದುವೆ ಮುರಿದವಳು ಎನ್ನುತ್ತಾರೆ, ಬಿಡದಿದ್ದರೆ ನನ್ನ ಮನಸ್ಸು ನನ್ನನ್ನು ಸುಡುತ್ತದೆ.

ವಂಶವಾಣಿ (ಜೆನೆಟಿಕ್ ಕೌನ್ಸೆಲರ್):

ಹೇಳಿ. ಆದರೆ ಮದುವೆ ಬೇಡ ಎಂದು ಹೇಳಬೇಡಿ, ರಕ್ತ ಪರೀಕ್ಷೆ ಮಾಡಿಸೋಣ ಎಂದು ಹೇಳಿ.

ನಿಮ್ಮ ತಾಯಿ ವಾಹಕಿಯಾದ್ದರಿಂದ ತಂಗಿ ವಾಹಕಿಯಾಗಿರುವ ಸಂಭವ ಎರಡರಲ್ಲಿ ಒಂದು. ಹುಡುಗನದು ನಾಲ್ಕರಲ್ಲಿ ಒಂದು. ಇಬ್ಬರೂ ಆಗಿದ್ದು, ಮಗುವಿಗೂ ಬರುವ ಸಂಭವ ಈಗಿನ ಲೆಕ್ಕದಲ್ಲಿ ಮೂವತ್ತೆರಡರಲ್ಲಿ ಒಂದು. ಇಬ್ಬರ ರಕ್ತ ಪರೀಕ್ಷೆಯಾದ ಮೇಲೆ ಈ ಊಹೆಯ ಲೆಕ್ಕ ಬೇಕಾಗುವುದಿಲ್ಲ. ಒಬ್ಬರಲ್ಲಿ ಆ ತಪ್ಪು ಇಲ್ಲ ಎಂದು ಬಂದರೂ ಸಾಕು, ಈ ಮನೆತನದ ಈ ಕಾಯಿಲೆ ಅವರ ಮಕ್ಕಳಿಗೆ ಬರುವುದಿಲ್ಲ. ಇಬ್ಬರಲ್ಲೂ ಇದ್ದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು. ಆಗ ತಿಳಿದು ತೀರ್ಮಾನಿಸಲಿ. ರಕ್ತಸಂಬಂಧದಲ್ಲಿ ಬೇರೆ ಅಡಗಿದ ಕಾಯಿಲೆಗಳ ಭಯ ಪೂರ್ತಿ ಹೋಗುವುದಿಲ್ಲ ಎಂಬುದನ್ನೂ ಹೇಳಬೇಕಾದದ್ದು ನನ್ನ ಕರ್ತವ್ಯ. ಬೇಕಿದ್ದರೆ ಮನೆಯವರ ಮುಂದೆ ನಾನೇ ಫೋನಿನಲ್ಲಿ ಮಾತನಾಡುತ್ತೇನೆ.

ಮರಳುಗಾಡಿನ ಕನ್ನಡಿಗ:

ದುಬೈನಿಂದ. ಅಕ್ಕಾ, ಸ್ಟೆಮ್ ಸೆಲ್ ಚುಚ್ಚುಮದ್ದಿನಿಂದ ಆರ್‌ಪಿ ವಾಸಿಯಾಗುತ್ತದೆ ಎಂದು ನನ್ನ ಸಹೋದ್ಯೋಗಿಯೊಬ್ಬರು ತಮ್ಮ ಮಗಳಿಗೆ ಲಕ್ಷಾಂತರ ರೂಪಾಯಿ ಸುರಿದರು. ಊರಿನ ಜಮೀನು ಮಾರಿದ ಹಣ. ಹುಡುಗಿಯ ನೋಟ ಒಂದಿಷ್ಟೂ ಹೆಚ್ಚಲಿಲ್ಲ, ಒಂದು ಕಣ್ಣಿಗೆ ಸೋಂಕಾಯಿತು. ಯಾರಾದರೂ ಅಂಥ ಆಸೆ ಹುಟ್ಟಿಸಿದರೆ ದಯವಿಟ್ಟು ಇಲ್ಲಿ ಕೇಳಿ, ಆಮೇಲೆ ಹೆಜ್ಜೆ ಇಡಿ. ಜೀನ್ ಚಿಕಿತ್ಸೆ ಬಂದಿದೆ ಎನ್ನುತ್ತಾರಲ್ಲ, ಅದು ನಿಜವೇ?

ವಂಶವಾಣಿ (ಜೆನೆಟಿಕ್ ಕೌನ್ಸೆಲರ್):

ಅರ್ಧ ನಿಜ. 2017ರಲ್ಲಿ ಅಮೆರಿಕ ಒಪ್ಪಿದ ರೆಟಿನಾದ ಜೀನ್ ಚಿಕಿತ್ಸೆ ಆರ್‌ಪಿಇ65 ಎಂಬ ಬೇರೆಯೇ ಜೀನಿನದು. ಅಷರ್‌ಗೆ ಅದು ನಾಟುವುದಿಲ್ಲ.

ಇಲ್ಲಿನ ತೊಡಕು ಗಾತ್ರದ್ದು. ಸರಿಯಾದ ಜೀನನ್ನು ಕಣ್ಣಿನೊಳಗೆ ಸಾಗಿಸುವುದು ಎಎವಿ ಎಂಬ ನಿರಪಾಯಕಾರಿ ವೈರಸ್. ಅದರ ಹೊಟ್ಟೆಯಲ್ಲಿ ಹಿಡಿಸುವುದು ಸುಮಾರು 4,700 ಅಕ್ಷರ. ಎಂವೈಒ7ಎ ಜೀನಿನಲ್ಲಿ ಓದಬೇಕಾದ ಭಾಗವೇ 6,600ಕ್ಕೂ ಹೆಚ್ಚು. ಯುಎಸ್‌ಎಚ್2ಎ 15,600. ಆದುದರಿಂದ ಎಂವೈಒ7ಎಯನ್ನು ಎರಡು ತುಂಡು ಮಾಡಿ, ಎರಡು ವೈರಸ್‌ಗಳಲ್ಲಿ ಕಳುಹಿಸಿ, ಕೋಶದೊಳಗೆ ಕೂಡಿಸುವ ಪ್ರಯತ್ನ ನಡೆದಿದೆ, ಮನುಷ್ಯರ ಮೇಲಿನ ಪ್ರಯೋಗವೂ ಶುರುವಾಗಿದೆ. ಈ ಎರಡು ತುಂಡಿನ ಉಪಾಯ ಕೆಲಸ ಮಾಡುತ್ತದೆ ಎಂಬುದಕ್ಕೆ ಸಾಕ್ಷಿ ಇದೆ. ಒಟಿಒಎಫ್ ಎಂಬ ಬೇರೊಂದು ಜೀನಿನಿಂದ ಹುಟ್ಟು ಕಿವುಡರಾಗಿದ್ದ ಮಕ್ಕಳು ಇದರಿಂದ ಕೇಳತೊಡಗಿದ ವರದಿಗಳು 2024ರಲ್ಲಿ ಪ್ರಕಟವಾದವು. ಯುಎಸ್‌ಎಚ್2ಎಗೆ ಬೇರೆ ದಾರಿ. ಅದರ ಹದಿಮೂರನೆಯ ತುಣುಕಿನಲ್ಲಿ ತಪ್ಪಿರುವವರಿಗೆ, ಆ ತುಣುಕನ್ನು ಹಾರಿಸಿ ಓದುವಂತೆ ಮಾಡುವ ಔಷಧ ಪ್ರಯೋಗದಲ್ಲಿದೆ.

ಅಷರ್‌ಗೆ ಇವುಗಳಲ್ಲಿ ಯಾವುದೂ ಇನ್ನೂ ಅಂಗಡಿಯಲ್ಲಿ ಸಿಗುವ ಚಿಕಿತ್ಸೆಯಲ್ಲ. ನಿಜವಾದ ಪ್ರಯೋಗದಲ್ಲಿ ರೋಗಿಯಿಂದ ಔಷಧಕ್ಕೆ ಹಣ ಕೇಳುವುದಿಲ್ಲ, ಇದೊಂದನ್ನು ನೆನಪಿಡಿ. ಯಾವ ಜೀನು, ಯಾವ ತಪ್ಪು ಎಂದು ಖಚಿತವಾದವರನ್ನೇ ಅಲ್ಲಿ ಸೇರಿಸಿಕೊಳ್ಳುತ್ತಾರೆ, ಆದ್ದರಿಂದ ವರದಿಯನ್ನು ಜೋಪಾನವಾಗಿಡಿ. ವರ್ಷಕ್ಕೊಮ್ಮೆ ಕಣ್ಣು ತೋರಿಸಿ. ಆರ್‌ಪಿ ಇರುವವರಿಗೆ ಚಿಕ್ಕ ವಯಸ್ಸಿನಲ್ಲೇ ಪೊರೆ ಬರಬಹುದು, ರೆಟಿನಾದ ನಡುವೆ ನೀರು ತುಂಬಬಹುದು. ಇವೆರಡಕ್ಕೂ ಚಿಕಿತ್ಸೆ ಇದೆ.

ಕೈಮಾತು:

ನಾನು ಹುಟ್ಟು ಕಿವುಡಿ, ನನಗೂ ಟೈಪ್ 1. ಸಂಜ್ಞಾ ಭಾಷೆ ನನ್ನ ಮೊದಲ ಭಾಷೆ, ಕನ್ನಡ ಎರಡನೆಯದು. ಗಂಡನೂ ಕಿವುಡರು, ಅವರದು ಜಿಜೆಬಿ2. ಕಿವುಡರಿಬ್ಬರು ಮದುವೆಯಾದರೆ ಮಕ್ಕಳೂ ಕಿವುಡರೇ ಎಂದು ಎರಡೂ ಮನೆಯವರು ಅತ್ತರು. ನಮಗೆ ಇಬ್ಬರು ಮಕ್ಕಳು, ಇಬ್ಬರಿಗೂ ಕೇಳಿಸುತ್ತದೆ. ನನ್ನ ಕೆಟ್ಟ ಜೀನಿಗೆ ಅವರ ಒಳ್ಳೆಯ ಪ್ರತಿ, ಅವರದಕ್ಕೆ ನನ್ನದು. ಮಕ್ಕಳು ಎರಡಕ್ಕೂ ವಾಹಕರು, ಅಷ್ಟೇ.

ತುಂಬೆಹೂ ಅಕ್ಕಾ, ಇಂಪ್ಲಾಂಟ್ ಇರುವ ಮಗನಿಗೆ ಸನ್ನೆ ಏಕೆ ಎನ್ನಬೇಡಿ. ಸ್ನಾನದಲ್ಲಿ, ನಿದ್ದೆಯಲ್ಲಿ, ಯಂತ್ರ ಕೆಟ್ಟ ದಿನ ಅವನು ಕಿವುಡನೇ. ಪಕ್ಕದ ನೋಟ ಕಿರಿದಾದವರಿಗೆ ಕೈಯನ್ನು ಅಗಲವಾಗಿ ಬೀಸಿದರೆ ಕಾಣುವುದಿಲ್ಲ. ಸ್ವಲ್ಪ ಹಿಂದೆ ಸರಿದು ನಿಂತು, ಎದೆಯ ಮುಂದೆ ಸಣ್ಣದಾಗಿ ಸನ್ನೆ ಮಾಡಬೇಕು. ಬೆಳಕು ನಿಮ್ಮ ಮುಖದ ಮೇಲಿರಲಿ, ಬೆನ್ನ ಹಿಂದೆ ಬೇಡ. ಬಣ್ಣವಿಲ್ಲದ ಗೋಡೆಯ ಮುಂದೆ ಬಿಳಿ ಸೀರೆ ಉಡಬೇಡಿ, ನಿಮ್ಮ ಕೈ ಎದ್ದು ಕಾಣುವ ಗಾಢ ಬಣ್ಣ ಉಡಿ. ಕತ್ತಲೆಯಲ್ಲಿ ಕೈಯ ಮೇಲೆ ಕೈ ಇಟ್ಟು ಮಾತನಾಡುತ್ತೇವೆ. ನನ್ನ ಮಕ್ಕಳು ನನ್ನ ಅಂಗೈಯಲ್ಲಿ ಜಗಳವಾಡುತ್ತಾರೆ.

ಕಿವಿಯೋಲೆ (ಶ್ರವಣ ಚಿಕಿತ್ಸಕಿ):

ಕೈಮಾತು ಅವರು ಹೇಳಿದ್ದಕ್ಕೆ ಇನ್ನೊಂದನ್ನು ಸೇರಿಸುತ್ತೇನೆ. ಎಡಗಿವಿಗೂ ಇಂಪ್ಲಾಂಟ್ ಆಗುತ್ತದೆಯೇ ಎಂದು ವಿಚಾರಿಸಿ. ಇಷ್ಟು ವರ್ಷ ಕೇಳದ ಕಿವಿಯಿಂದ ಹೆಚ್ಚು ನಿರೀಕ್ಷಿಸಬಾರದು, ಆದರೆ ನೋಟ ಕುಗ್ಗುವವರಿಗೆ ಸದ್ದು ಯಾವ ದಿಕ್ಕಿನಿಂದ ಬರುತ್ತಿದೆ ಎಂದು ತಿಳಿಯುವುದೇ ದೊಡ್ಡ ಆಸರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಕಿವುಡು-ಕುರುಡನ್ನು ಬಹುವಿಕಲತೆಯ ಅಡಿಯಲ್ಲಿ ಹೆಸರಿಸಿದ್ದಾರೆ. ಅವನ ಯುಡಿಐಡಿ (ಅಂಗವಿಕಲರ ಗುರುತಿನ) ಕಾರ್ಡಿನಲ್ಲಿ ಶ್ರವಣದೋಷ ಒಂದೇ ಇದ್ದರೆ ಬದಲಾಯಿಸಲು ಅರ್ಜಿ ಹಾಕಿ. ಪರೀಕ್ಷೆಯಲ್ಲಿ ಹೆಚ್ಚಿನ ಸಮಯಕ್ಕೂ ಮುಂದೆ ಉದ್ಯೋಗ ಮೀಸಲಾತಿಗೂ ಅದೇ ಆಧಾರ.

ತುಂಬೆಹೂ:

ಹದಿನೈದು ದಿನದ ಮೇಲೆ ಬರೆಯುತ್ತಿದ್ದೇನೆ. ನಾವಿಬ್ಬರೂ ರಕ್ತ ಕೊಟ್ಟು ಬಂದೆವು. ತಂಗಿ ಮತ್ತು ಆ ಹುಡುಗ ಮುಂದಿನ ಸೋಮವಾರ ಹೋಗುತ್ತಾರೆ. ವಂಶವಾಣಿ ಮೇಡಂ ಫೋನಿನಲ್ಲಿ ಮಾತನಾಡಿದ ಮೇಲೆ ಹಿರಿಯ ಮಾವ ಒಪ್ಪಿದರು.

ಮೇಷ್ಟರು ಹೇಳಿದ ಹಾಗೆ ವಂಶವೃಕ್ಷವನ್ನು ಮಗನ ನೋಟುಪುಸ್ತಕದಲ್ಲಿ ಬರೆದೆ. ಗಂಡಸರಿಗೆ ಚೌಕ, ಹೆಂಗಸರಿಗೆ ಸೊನ್ನೆ. ಅಜ್ಜಿಯ ಮುಂದೆ ಇಟ್ಟು, ಯಾರನ್ನೂ ದೂರದೆ ವಿವರಿಸಿದೆ. ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, ಅವರ ಸೊನ್ನೆಯ ಪಕ್ಕದ ಖಾಲಿ ಜಾಗದಲ್ಲಿ ಬೆರಳಿಟ್ಟು, "ಇಲ್ಲಿ ಒಂದು ಚೌಕ ಹಾಕು" ಎಂದರು. ಅವರಿಗೊಬ್ಬ ಅಣ್ಣ ಇದ್ದನಂತೆ. ಎಲ್ಲರೂ ಮೂಗ ಎಂದು ಕರೆಯುತ್ತಿದ್ದರಂತೆ, ಹೆಸರು ಹಿಡಿದು ಕರೆದವರೇ ಇಲ್ಲ. ರಾತ್ರಿ ಬಚ್ಚಲಿಗೆ ಹೋಗಲು ಅವನ ಹಾಸಿಗೆಯಿಂದ ಹಿತ್ತಲ ಬಾಗಿಲಿನವರೆಗೆ ತೆಂಗಿನ ನಾರಿನ ಹಗ್ಗ ಕಟ್ಟಿದ್ದರಂತೆ. ಹಗ್ಗ ಸಡಿಲವಾದರೆ ಬಿಗಿಯುವುದು ಚಿಕ್ಕ ಹುಡುಗಿಯಾಗಿದ್ದ ಅಜ್ಜಿಯ ಕೆಲಸ. ಅರವತ್ತು ವರ್ಷದಿಂದ ಆ ಮಾತನ್ನು ಯಾರ ಹತ್ತಿರವೂ ಆಡಿರಲಿಲ್ಲ. ಚೌಕ ಹಾಕಿ, ಒಳಗೆ ಅವನ ನಿಜವಾದ ಹೆಸರು ಬರೆದೆ.

ಹೊಟ್ಟೆಯ ದೋಷ ಎಂಬ ಮಾತು ಮನೆಯಲ್ಲಿ ಮತ್ತೆ ಬಂದಿಲ್ಲ. ನಿನ್ನೆಯಿಂದ ಅಜ್ಜಿ ಸಂಜೆ ಹೊತ್ತು ಹೊಸ್ತಿಲ ಉದ್ದಕ್ಕೂ ರಂಗೋಲಿ ಪುಡಿಯಿಂದ ಬೆರಳಗಲದ ಬಿಳಿ ಗೆರೆ ಎಳೆಯುತ್ತಿದ್ದಾರೆ. ಮಗನಿಗೆ ಅಂಗಳದ ದೀಪದ ಬೆಳಕಿನಲ್ಲಿ ಆ ಗೆರೆ ಕಾಣಿಸುತ್ತದೆಯಂತೆ. ಇನ್ನೂ ಸ್ವಲ್ಪ ದಪ್ಪ ಬೇಕು ಎಂದು ಹೇಳಿದ್ದಾನೆ.